ಬೀಗ ಹಾಕುವ ಮುನ್ನ ಫ್ರೀಜರಿನಲ್ಲೊಂದು ನಾಣ್ಯ

ಹಿಂದೆ ನಮ್ಮ ಹಳ್ಳಿಯ ಕೊಟ್ಟಿಗೆಗಳಲ್ಲಿ ತೂಗುತ್ತಿದ್ದ ಹರಿಕೇನ್ ಲಾಟೀನು ಹಿರಿಯರಿಗೆ ನೆನಪಿರಬಹುದು. ಗಾಳಿ ಬೀಸಿದರೂ ಆರದ ದೀಪವೆಂದು ಅದಕ್ಕೆ ಆ ಹೆಸರು. ಆದರೆ ಅಸಲು ಹರಿಕೇನ್ ಬಂದರೆ ಲಾಟೀನಿರಲಿ, ಅದನ್ನು ತೂಗುಹಾಕಿದ ಮಾಡೇ ಉಳಿಯುವುದು ಕಷ್ಟ. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿದ ಚಂಡಮಾರುತದ ಗಾಳಿ ಗಂಟೆಗೆ 119 ಕಿ.ಮೀ. ವೇಗ ಮುಟ್ಟಿದರೆ ಅದು ಹರಿಕೇನ್. ಪೆಸಿಫಿಕ್‌ನ ಪಶ್ಚಿಮ ಭಾಗದಲ್ಲಿ ಅದೇ ಟೈಫೂನ್, ನಮ್ಮ ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್. ಹೆಸರು ಬೇರೆ, ಜಾತಿ ಒಂದೇ.

ಈಗ ನಮ್ಮವರ ಮಕ್ಕಳು ಅಮೆರಿಕದ ಹ್ಯೂಸ್ಟನ್, ಟ್ಯಾಂಪಾಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಹರಿಕೇನ್ ಕಾಲ. 'ಮನೆ ಖಾಲಿ ಮಾಡಿ ಅಂದಿದ್ದಾರಮ್ಮ' ಎಂದು ಫೋನ್ ಬಂದರೆ ಇಲ್ಲಿ ತಂದೆತಾಯಿಗೆ ನಿದ್ದೆ ಹಾರುತ್ತದೆ. ಹೊರಡುವ ಮುನ್ನ ಅಲ್ಲಿಯವರು ಮನೆಯನ್ನು ಹೇಗೆ ಅಣಿಗೊಳಿಸುತ್ತಾರೆ, ಏಕೆ ಹಾಗೆ ಮಾಡುತ್ತಾರೆ ಎಂದು ತಿಳಿದುಕೊಳ್ಳೋಣ. ವಿದ್ಯಾರ್ಥಿಗಳಿಗೆ ಇದರಲ್ಲಿ ಭೌತಶಾಸ್ತ್ರದ ಪಾಠವೂ ಇದೆ.

1992ರ ಆಗಸ್ಟ್ 24ರಂದು 'ಆಂಡ್ರ್ಯೂ' ಎಂಬ ಹರಿಕೇನ್ ದಕ್ಷಿಣ ಫ್ಲಾರಿಡಾಕ್ಕೆ ಅಪ್ಪಳಿಸಿ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಶಮಾಡಿತು. ಕೆಟ್ಟುಹೋದ ಮನೆಗಳನ್ನು ಪರೀಕ್ಷಿಸಿದ ಎಂಜಿನಿಯರುಗಳಿಗೆ ಮತ್ತೆ ಮತ್ತೆ ಕಂಡದ್ದು ಒಂದೇ ಕಥೆ. ಮೊದಲು ಕಿಟಕಿಯೋ ಗ್ಯಾರೇಜಿನ ಬಾಗಿಲೋ ಒಡೆಯಿತು, ಅನಂತರ ಮಾಡು ಹಾರಿತು.

ಇದೇಕೆ ಹೀಗೆ? ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 200 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ 190 ಕಿಲೋ ಭಾರ ಹೇರಿದಂತೆ. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸುಮಾರು ಹತ್ತು ಚದರ ಮೀಟರ್ ಇರುತ್ತದೆ. ಅಂದರೆ ಆ ತೆಳ್ಳನೆಯ ಬಾಗಿಲಿನ ಮೇಲೆ ಎರಡು ಟನ್ ಹತ್ತಿರ! ಅದು ಬಾಗಿ ಕಿತ್ತುಬಂದರೆ ಗಾಳಿ ಒಳನುಗ್ಗಿ ಮಾಡನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಮಾಡಿನ ಮೇಲೆ ಹಾಯುವ ವೇಗದ ಗಾಳಿ, ವಿಮಾನದ ರೆಕ್ಕೆಯಲ್ಲಿ ಆಗುವಂತೆ, ಮೇಲಿನಿಂದ ಹೀರುತ್ತಿರುತ್ತದೆ. ದೂಡುವವನೊಬ್ಬ, ಎಳೆಯುವವನೊಬ್ಬ, ಮಾಡು ಇನ್ನೆಷ್ಟು ಹೊತ್ತು ಕೂತೀತು?

ಆದ್ದರಿಂದ ಮೊದಲ ಕೆಲಸ ಮನೆಯ ಕಿಂಡಿಗಳನ್ನೆಲ್ಲ ಭದ್ರಪಡಿಸುವುದು. ಕಿಟಕಿಗೆ ಲೋಹದ ಮುಚ್ಚಿಕೆ ಇಲ್ಲದವರು ಅರ್ಧ ಅಂಗುಲಕ್ಕಿಂತ ದಪ್ಪದ ಪ್ಲೈವುಡ್ ಹಲಗೆಗಳನ್ನು ಬಿಗಿಯುತ್ತಾರೆ. ಜಾಣರು ಹಲಗೆಗಳನ್ನು ಮೇ ತಿಂಗಳಲ್ಲೇ ಅಳತೆಗೆ ಕತ್ತರಿಸಿ, ಯಾವ ಕಿಟಕಿಗೆ ಯಾವುದು ಎಂದು ಬರೆದಿಟ್ಟಿರುತ್ತಾರೆ. ಎಚ್ಚರಿಕೆ ಬಂದ ದಿನ ಅಂಗಡಿಗೆ ಓಡಿದವರಿಗೆ ಸಿಗುವುದು ಉದ್ದನೆಯ ಸಾಲು ಮಾತ್ರ. ಗಾಜಿಗೆ ಗುಣಾಕಾರದ ಗುರುತಿನಂತೆ ಟೇಪು ಅಂಟಿಸುವ ರೂಢಿಯಿಂದ ಏನೂ ಉಪಯೋಗವಿಲ್ಲ. ಗಾಜು ಒಡೆಯುವುದು ತಪ್ಪುವುದಿಲ್ಲ, ಚೂರುಗಳು ದೊಡ್ಡದಾಗಿ ಹಾರಿ ಇನ್ನೂ ಅಪಾಯ. ಒಳಹೊರಗಿನ ಒತ್ತಡ ಸಮವಾಗಲೆಂದು ಒಂದು ಕಿಟಕಿ ತೆರೆದಿಡಬೇಕೆಂಬ ಮಾತೂ ಇದೆ. ಕೇಳಲು ವಿಜ್ಞಾನದಂತೆಯೇ ಇದೆ, ಆದರೆ ಪೂರಾ ತಪ್ಪು. ಅದು ಗಾಳಿಗೆ ನಾವೇ ಬಾಗಿಲು ತೆರೆದುಕೊಟ್ಟಂತೆ. ಒಳಕೋಣೆಗಳ ಬಾಗಿಲನ್ನೂ ಹಾಕಿಯೇ ಹೊರಡಬೇಕು. ಅಂಗಳದ ಕುರ್ಚಿ, ಹೂಕುಂಡ, ಮಕ್ಕಳ ಸೈಕಲ್ಲು ಎಲ್ಲ ಮನೆಯೊಳಗೆ. ಇಲ್ಲವಾದರೆ ನಮ್ಮ ಹೂಕುಂಡ ಪಕ್ಕದವರ ಕಿಟಕಿಗೆ ಫಿರಂಗಿ ಗುಂಡು.

ಇಷ್ಟೆಲ್ಲ ಮಾಡಿದ ಮೇಲೂ ಮನೆ ಬಿಡುವುದೇಕೆ? ಗಾಳಿಗಿಂತ ಹೆಚ್ಚಾಗಿ ನೀರಿಗೆ ಹೆದರಿ. ಚಂಡಮಾರುತ ಸಮುದ್ರವನ್ನೇ ದಡದ ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. 2022ರ ಸೆಪ್ಟೆಂಬರ್ 28ರಂದು 'ಇಯಾನ್' ಬಂದಾಗ ಫ್ಲಾರಿಡಾದ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೀರು ನೆಲದಿಂದ ಹತ್ತು ಅಡಿಗೂ ಮೇಲೆ ಏರಿತ್ತು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸಾವಿರ ಕಿಲೋಗೂ ಮಿಗಿಲು. ಅದು ಅಲೆಯಾಗಿ ಬಡಿದರೆ ಪ್ಲೈವುಡ್ ಏನು ಮಾಡೀತು?

ನೀರು ಒಳಬರುವ ಸಂಭವವಿದ್ದರೆ ನೆಲ ಒಣಗಿರುವಾಗಲೇ ವಿದ್ಯುತ್ತಿನ ಮೈನ್ ಸ್ವಿಚ್ ಆರಿಸಬೇಕು. ಗ್ಯಾಸ್ ಕೊಳವೆಯನ್ನು ಅಧಿಕಾರಿಗಳು ಹೇಳಿದರೆ ಮಾತ್ರ ಮುಚ್ಚುವುದು. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ತಿಳಿದ ಕೆಲಸಗಾರನೇ ಬರಬೇಕು. ಬೆಲೆಬಾಳುವ ಸಾಮಾನು ಮಹಡಿಗೆ ಹೋಗಲಿ. ಪಾಸ್‌ಪೋರ್ಟು, ಅಂಕಪಟ್ಟಿ, ವಿಮೆಯ ಕಾಗದ, ಔಷಧಿಗಳು ನೀರು ತಾಗದ ಚೀಲದಲ್ಲಿ ಜೊತೆಗೇ ಬರಲಿ. ಪ್ರತಿ ಕೋಣೆಯ ಫೋಟೋ ತೆಗೆದುಕೊಂಡರೆ ಮುಂದೆ ವಿಮೆಯವರ ಬಳಿ ವಾದ ಮಾಡುವುದು ತಪ್ಪುತ್ತದೆ. ಹೊಸ ಕಾಲದ ಇನ್ನೊಂದು ಎಚ್ಚರಿಕೆ: ವಿದ್ಯುತ್ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗಬಾರದು. ಉಪ್ಪುನೀರಿನಲ್ಲಿ ಮುಳುಗಿದ ಬ್ಯಾಟರಿಗಳು ದಿನಗಳ ನಂತರವೂ ಹೊತ್ತಿಕೊಂಡದ್ದನ್ನು ಇಯಾನ್ ಸಮಯದಲ್ಲಿ ಕಂಡಿದ್ದಾರೆ.

ಇವೆಲ್ಲ ಹಗಲಿನಲ್ಲಿ, ಬೇಗ ಮುಗಿಯಬೇಕು. 2005ರಲ್ಲಿ 'ರೀಟಾ' ಬರುತ್ತದೆಂದು ಹ್ಯೂಸ್ಟನ್ ಕಡೆಯಿಂದ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗಿಳಿದರು. ಸುಡುಬಿಸಿಲಿನಲ್ಲಿ ಮೈಲಿಗಟ್ಟಲೆ ವಾಹನಗಳು ನಿಂತುಬಿಟ್ಟವು, ಪೆಟ್ರೋಲು ಮುಗಿಯಿತು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಜನ ತೀರಿಕೊಂಡರು. ಟೆಕ್ಸಸ್‌ನಲ್ಲಿ ಆ ಬಾರಿ ಚಂಡಮಾರುತದ ಹೊಡೆತಕ್ಕಿಂತ ಈ ವಲಸೆಯಲ್ಲೇ ಹೆಚ್ಚು ಸಾವು. ಅದಕ್ಕೇ ಫ್ಲಾರಿಡಾದಲ್ಲಿ ಪ್ರದೇಶಗಳಿಗೆ ಎ, ಬಿ, ಸಿ ಎಂದು ವಲಯದ ಗುರುತು ಕೊಟ್ಟು, ನೀರು ನುಗ್ಗುವ ಅಪಾಯ ಹೆಚ್ಚಿರುವ ಕಡೆಯವರನ್ನು ಮೊದಲು ಕಳಿಸುತ್ತಾರೆ. ಮಗ ಅಥವಾ ಮಗಳು ಅಲ್ಲಿದ್ದರೆ 'ನಿನ್ನ ವಲಯ ಯಾವುದು?' ಎಂದು ಇಂದೇ ಕೇಳಿಡಿ.

ಕೊನೆಗೆ ಅಡಿಗೆಮನೆ. ಮೈನ್ ಸ್ವಿಚ್ ಆರಿಸುವವರು ಫ್ರಿಜ್ ಖಾಲಿಮಾಡಿ ಹೋಗುವುದೇ ಲೇಸು. ಉಳಿದವರು ಅದನ್ನು ಅತಿ ತಣ್ಣಗೆ ತಿರುಗಿಸಿ ಮುಚ್ಚಿಡುತ್ತಾರೆ. ಕರೆಂಟು ಹೋದರೂ ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಂಪು ಹಿಡಿದಿರುತ್ತದೆ. ಆದರೆ ವಾರ ಬಿಟ್ಟು ಮರಳಿದಾಗ ಕರೆಂಟು ಮತ್ತೆ ಬಂದು ಎಲ್ಲವೂ ಗಟ್ಟಿಯಾಗಿದ್ದರೆ, ನಡುವೆ ಕರಗಿತ್ತೇ ಇಲ್ಲವೇ ತಿಳಿಯುವುದು ಹೇಗೆ? ಅದಕ್ಕೊಂದು ಸುಲಭದ ಉಪಾಯ. ಲೋಟದಲ್ಲಿ ನೀರನ್ನು ಮಂಜುಗಡ್ಡೆಯಾಗಿಸಿ, ಮೇಲೊಂದು ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಡಬೇಕು. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಮಂಜುಗಡ್ಡೆ ಕರಗಿಲ್ಲ. ಲೋಟದ ತಳದಲ್ಲಿ ಹೂತುಕೊಂಡಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆಯೆಂದು ಅರ್ಥ. ಒಳಗಿನ ತಿನಿಸು ನೋಡಲು ಎಷ್ಟೇ ಚೆನ್ನಾಗಿರಲಿ, ಮೂಸಿ ನೋಡುವ ಗೋಜಿಗೂ ಹೋಗದೆ ಎಲ್ಲವನ್ನೂ ಎಸೆಯುತ್ತಾರೆ.