ಕೌದಿಗೆ ಆನ್‌ಲೈನ್ ಸಂತೆ: ಸುಂಕದ ಲೆಕ್ಕ ಮೊದಲು ನೋಡ್ರಿ

ಅಕ್ಕಲಕೋಟ: ಹಳೆ ಸೀರೆ, ಧೋತರದ ತುಂಡು ಕೂಡಿಸಿ ಗಡಿಭಾಗದ ಅವ್ವಂದಿರು ಹೊಲಿಯುವ ಕೌದಿಯಂಥ ಕೈಕೆಲಸಕ್ಕೆ ಈಗ ಆನ್‌ಲೈನ್ ಸಂತೆಯೂ ಉಂಟು. ಸಂತೆ ಅಂದಮೇಲೆ ಸುಂಕ ತಪ್ಪದು.

2005ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಶುರುವಾದ ‘ಎಟ್ಸಿ’ಯಲ್ಲಿ ಅಲ್ಲಿನ ಮಾರಾಟಗಾರರ ಲೆಕ್ಕ ಹೀಗಿದೆ. ಒಂದು ವಸ್ತುವನ್ನು ನಾಲ್ಕು ತಿಂಗಳು ಇಡಲು 20 ಸೆಂಟ್. ಮಾರಿದರೆ, ಸಾಗಾಟದ ಹಣಕ್ಕೂ ಸೇರಿ ಶೇ. 6.5 ಕಡಿತ. ಸಂಸ್ಥೆ ಹೊರಗೆ ಹಾಕಿದ ಜಾಹೀರಾತು ನೋಡಿ ಗಿರಾಕಿ ಬಂದರೆ ಮತ್ತೆ ಶೇ. 15. ಅಲ್ಲಿಗೆ 100 ಡಾಲರಿನಲ್ಲಿ 21 ಡಾಲರ್ 70 ಸೆಂಟ್ ಹೋಯ್ತು. ಹಣ ಪಾವತಿ ಶುಲ್ಕ ಬೇರೆ. ವರ್ಷದ ವ್ಯಾಪಾರ 10 ಸಾವಿರ ಡಾಲರ್ ದಾಟಿದರೆ ಜಾಹೀರಾತು ದರ ಶೇ. 12ಕ್ಕೆ ಇಳಿಯುತ್ತದೆ, ಆದರೆ ‘ಒಲ್ಲೆ’ ಅನ್ನುವಂತಿಲ್ಲ.

2013ರಲ್ಲಿ ಹೊರಗಿನ ಕಾರ್ಖಾನೆಯಲ್ಲಿ ಮಾಡಿಸಿದ ಮಾಲಿಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಕೈಯಿಂದಲೇ ಮಾಡುವವರ ಅಸಮಾಧಾನಕ್ಕೆ ಇದೂ ಒಂದು ಕಾರಣ. 2022ರ ಏಪ್ರಿಲ್ 11ರಂದು ಕಡಿತ ಶೇ. 5ರಿಂದ 6.5ಕ್ಕೆ ಏರಿದಾಗ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿದರು. ದರ ಮಾತ್ರ ಇಳಿಯಲಿಲ್ಲ.

ಅಂಗಡಿ ಹೆಸರು ನಮ್ಮದು, ಕಟ್ಟಳೆ ಸಂತೆಯ ಯಜಮಾನರದು. ಆದ್ದರಿಂದ ಕೌದಿಗೆ ಬೆಲೆ ಕಟ್ಟುವಾಗ ಅರಿವೆ, ನೂಲು, ದಿನಗಟ್ಟಲೆ ಕೂತು ಹೊಲಿದ ಕೂಲಿಯ ಜೊತೆಗೆ ಈ ಸುಂಕವನ್ನೂ ಕೂಡಿಸಬೇಕು. ಇಲ್ಲದಿದ್ದರೆ ಮಾರಾಟ ಆದೀತು, ಕೂಲಿ ಮಾತ್ರ ಗಿಟ್ಟಲಿಕ್ಕಿಲ್ಲ.