‘ಲ್ಯಾಪ್‌ಟಾಪಿನಲ್ಲಿ ಸರಿ ಉಂಟು ಕಾಕ’: ಸರ್ವರ್‌ಗೆ ಹಾಕಿದ ವೆಬ್‌ಸೈಟ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು?

ಪೆರ್ನಾಲ್‌ಗೆ ಇನ್ನು ಹತ್ತೇ ದಿನ. ಉಪ್ಪಳ ಕಡೆಯ ಒಂದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳೋಣ. ಆರ್ಡರ್ ತೆಗೆದುಕೊಳ್ಳಲು ಮಾಲಕರು ಊರಿನ ಹುಡುಗನೊಬ್ಬನಿಂದ ಸ್ವಂತ ವೆಬ್‌ಸೈಟ್ ಮಾಡಿಸಿದ್ದಾರೆ. ಹುಡುಗ ಲ್ಯಾಪ್‌ಟಾಪ್ ತೆರೆದು ತೋರಿಸಿದಾಗ ಎಲ್ಲವೂ ಚಂದ. ತಿಂಗಳ ಬಾಡಿಗೆಗೆ ಒಂದು ಸರ್ವರ್ ಹಿಡಿದು ಅದಕ್ಕೆ ಹಾಕಿಯೂ ಆಯಿತು. ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆಲ್ಲ ಲಿಂಕ್ ಹೋಯಿತು. ರಾತ್ರಿ ಗಿರಾಕಿಗಳ ಫೋನ್ ಶುರು: “ನಿಮ್ಮ ಸೈಟ್ ಓಪನೇ ಆಗುವುದಿಲ್ಲವಲ್ಲ?” ಹುಡುಗನನ್ನು ಕೇಳಿದರೆ ಒಂದೇ ಉತ್ತರ: “ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಉಂಟು ಕಾಕ.”

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡುವುದು ಬೇರೆ, ಊರಿಗೆಲ್ಲ ಕಾಣುವ ಹಾಗೆ ಸರ್ವರ್‌ನಲ್ಲಿ ಓಡುವುದು ಬೇರೆ. ನಡುವಿನ ದಾರಿಯಲ್ಲಿ ನಾಲ್ಕೈದು ಬಾಗಿಲುಗಳಿವೆ. ಯಾವ ಬಾಗಿಲಲ್ಲಿ ಸಿಕ್ಕಿಕೊಂಡಿದೆ ಎಂದು ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸಿದರೆ ಇದ್ದ ತೊಂದರೆಯ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ. ಮಾಲಕರಿಗೆ ಕೋಡ್ ಬರೆಯಲು ಗೊತ್ತಿರಬೇಕೆಂದಿಲ್ಲ. ಆದರೆ ದಾರಿ ಗೊತ್ತಿದ್ದರೆ ಹುಡುಗನಿಗೆ ಸರಿಯಾದ ಪ್ರಶ್ನೆ ಕೇಳಬಹುದು.

ಪಾರ್ಸೆಲ್ ಎಲ್ಲಿ ನಿಂತಿತು?

ಸೂರತ್‌ನಿಂದ ಹೊರಟ ಬಟ್ಟೆ ಬೇಲು ಬರಲಿಲ್ಲವೆಂದರೆ ವ್ಯಾಪಾರಿ ಮಾಡುವುದೇನು? ಬುಕಿಂಗ್ ಆಯಿತೇ, ಲಾರಿ ಹೊರಟಿತೇ, ಮಂಗಳೂರಿಗೆ ಬಂತೇ ಎಂದು ಒಂದೊಂದೇ ಕಡೆ ವಿಚಾರಿಸುತ್ತಾನೆ. ವೆಬ್‌ಸೈಟ್‌ಗೂ ಇದೇ ಕ್ರಮ.

ಗಿರಾಕಿ ಸೈಟಿನ ಹೆಸರು ಟೈಪ್ ಮಾಡಿದಾಗ ಮೊದಲು ಡಿಎನ್ಎಸ್ ಎಂಬ ವಿಳಾಸ ಪುಸ್ತಕ ಆ ಹೆಸರಿಗೆ ಸಂಬಂಧಪಟ್ಟ ಐಪಿ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ಹಿಡಿದು ಬಂದರೆ ಸರ್ವರ್ ಎಂಬ ಕಟ್ಟಡ. ಅದಕ್ಕೆ ಪೋರ್ಟ್ ಎಂಬ ನಂಬರ್ ಹಾಕಿದ ಬಾಗಿಲುಗಳು. ಮಾಮೂಲಿ ವೆಬ್‌ಗೆ 80, ಬೀಗದ ಗುರುತಿರುವ ಸುರಕ್ಷಿತ ವೆಬ್‌ಗೆ 443, ಸರ್ವರ್ ನೋಡಿಕೊಳ್ಳುವವರು ಒಳಬರುವುದಕ್ಕೆ 22. ಬಾಗಿಲಲ್ಲಿ ಫೈರ್‌ವಾಲ್ ಎಂಬ ಕಾವಲುಗಾರ. ಒಳಗೆ ಬಂದರೆ ಎಂಜಿನ್‌ಎಕ್ಸ್‌ನಂತಹ ವೆಬ್ ಸರ್ವರ್ ಕೌಂಟರ್‌ನಲ್ಲಿ ನಿಂತಿರುತ್ತದೆ. ಅದು ಗಿರಾಕಿಯ ಬೇಡಿಕೆಯನ್ನು ಒಳಗಿರುವ ಅಪ್ಲಿಕೇಶನ್‌ಗೆ ದಾಟಿಸುತ್ತದೆ. ಅಪ್ಲಿಕೇಶನ್ ಡೇಟಾಬೇಸ್ ಎಂಬ ಗೋದಾಮಿನಿಂದ ಮಾಲು ತಂದು ಕೊಡುತ್ತದೆ. ಹುಡುಕಾಟ ಈ ಸಾಲಿನಲ್ಲೇ ನಡೆಯಬೇಕು, ಹೊರಗಿನಿಂದ ಒಳಗೆ.

ಪರದೆಯ ಮೇಲಿನ ಮಾತು ಓದಬೇಕು

“ಸೈಟ್ ಬರ್ತಾ ಇಲ್ಲ” ಎಂಬುದು ದೂರು ಅಷ್ಟೇ. ಪರದೆಯ ಮೇಲೆ ನಿಜಕ್ಕೂ ಏನು ಬರೆದಿದೆ ಎಂಬುದೇ ಸುಳಿವು. ಗಿರಾಕಿಯಿಂದ ಒಂದು ಸ್ಕ್ರೀನ್‌ಶಾಟ್ ತರಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಸರ್ವರ್‌ನ ವಿಳಾಸವೇ ಸಿಗಲಿಲ್ಲ ಎಂದಿದ್ದರೆ ದೋಷ ಡಿಎನ್ಎಸ್‌ನಲ್ಲಿ. ಡೊಮೈನ್ ಹೆಸರಿನ ವಾಯಿದೆ ಮುಗಿದಿರಬಹುದು, ಐಪಿ ಸಂಖ್ಯೆ ತಪ್ಪಾಗಿರಬಹುದು. ಒಬ್ಬರಿಗೆ ಹೊಸ ಸೈಟ್, ಇನ್ನೊಬ್ಬರಿಗೆ ಹಳೆಯದು ಕಾಣುತ್ತಿದ್ದರೆ ಗಾಬರಿ ಬೇಡ. ವಿಳಾಸ ಬದಲಾದ ಮೇಲೂ ನೆಟ್‌ವರ್ಕ್‌ಗಳು ಹಳೆಯ ವಿಳಾಸವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ. ವೈಫೈನಲ್ಲಿ ಸರಿ, ಮೊಬೈಲ್ ಡೇಟಾದಲ್ಲಿ ಮಾತ್ರ ಇಲ್ಲ ಎಂದಾದರೆ ಐಪಿವಿ6 ದಾಖಲೆಯನ್ನು ನೋಡಬೇಕು. ಹಳೆಯ ಸರ್ವರ್‌ನ ಐಪಿವಿ6 ವಿಳಾಸ ಅಲ್ಲೇ ಉಳಿದಿದ್ದರೆ, ಅದನ್ನು ಬಳಸುವ ಮೊಬೈಲ್‌ಗಳು ಖಾಲಿ ಮನೆಯ ಬಾಗಿಲು ಬಡಿಯುತ್ತಿರುತ್ತವೆ.

‘ಕನೆಕ್ಷನ್ ರೆಫ್ಯೂಸ್ಡ್’ ಮತ್ತು ‘ಟೈಮ್ಡ್ ಔಟ್’ ಒಂದೇ ಎಂದು ಹೆಚ್ಚಿನವರು ತಿಳಿಯುತ್ತಾರೆ. ಅಲ್ಲ. ರೆಫ್ಯೂಸ್ಡ್ ಎಂದರೆ ಕಟ್ಟಡದವರೆಗೆ ಬಂದಾಯಿತು, ಆ ಬಾಗಿಲಲ್ಲಿ ಮಾತಾಡಿಸುವವರು ಯಾರೂ ಇಲ್ಲ; ಹೆಚ್ಚಾಗಿ ವೆಬ್ ಸರ್ವರ್ ನಿಂತುಹೋಗಿರುತ್ತದೆ. ಟೈಮ್ಡ್ ಔಟ್ ಎಂದರೆ ಕರೆದರೂ ಉತ್ತರವೇ ಇಲ್ಲ. ಹೆಚ್ಚಾಗಿ ಫೈರ್‌ವಾಲ್ ಸದ್ದಿಲ್ಲದೆ ತಡೆದಿರುತ್ತದೆ. ಕ್ಲೌಡ್ ಸರ್ವರ್‌ಗಳಲ್ಲಿ ಅನೇಕ ಕಡೆ ಕಾವಲು ಎರಡು ಇರುತ್ತದೆ: ಕಂಪೆನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು, ಸರ್ವರ್‌ನ ಒಳಗೆ ಇನ್ನೊಂದು. ಒಂದನ್ನು ತೆರೆದು ಇನ್ನೊಂದನ್ನು ಮರೆಯುವುದು ಮಾಮೂಲಿ. ಒಳಗಿನ ಫೈರ್‌ವಾಲ್ ಆನ್ ಮಾಡುವ ಮೊದಲು 22ನೇ ಬಾಗಿಲಿಗೆ ಅನುಮತಿ ಕೊಡದಿದ್ದರೆ, ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟ ಹಾಗೆ.

ಇನ್ನು ಮೂರಂಕಿಯ ಸಂಖ್ಯೆ ಕಂಡರೆ ಕಟ್ಟಡದ ಒಳಗಿನವರೆಗೆ ಬಂದಾಯಿತು ಎಂದು ಅರ್ಥ. 502 ಎಂದರೆ ಕೌಂಟರ್‌ನವನು ಇದ್ದಾನೆ, ಒಳಗಿನ ಅಪ್ಲಿಕೇಶನ್ ಬಿದ್ದಿದೆ ಅಥವಾ ಬೇರೆ ಪೋರ್ಟ್‌ನಲ್ಲಿ ಕೂತಿದೆ. 504 ಎಂದರೆ ಅಪ್ಲಿಕೇಶನ್‌ನಿಂದ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ. ಎಂಜಿನ್‌ಎಕ್ಸ್ ಬೇರೆ ಹೇಳದಿದ್ದರೆ 60 ಸೆಕೆಂಡ್ ಕಾಯುತ್ತದೆ. 500 ಎಂದರೆ ಅಪ್ಲಿಕೇಶನ್ನೇ ಎಡವಿದೆ. 403 ಬಂದರೆ ಫೈಲ್ ಓದುವ ಅನುಮತಿ ನೋಡಬೇಕು. 413 ಬಂದರೆ ಕಳಿಸಿದ ಫೈಲ್ ದೊಡ್ಡದಾಯಿತು. ಎಂಜಿನ್‌ಎಕ್ಸ್ ಮೊದಲಿನಿಂದ ಒಪ್ಪುವ ಮಿತಿ 1 ಎಂಬಿ ಮಾತ್ರ; ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋವೇ ಅದಕ್ಕಿಂತ ಭಾರ. ಚೂಡಿದಾರ್‌ನ ಫೋಟೋ ಅಪ್‌ಲೋಡ್ ಆಗುವುದಿಲ್ಲ ಎಂಬ ದೂರಿಗೆ ಒಂದು ಸಾಲಿನ ತಿದ್ದುಪಡಿ ಸಾಕಾಗುತ್ತದೆ.

ಇದೆಲ್ಲದರ ವಿವರ ಸರ್ವರ್‌ನ ಲಾಗ್ ಫೈಲ್‌ಗಳಲ್ಲಿ ಗಂಟೆ ನಿಮಿಷ ಸಮೇತ ಬರೆದಿರುತ್ತದೆ. ಅದು ಅಂಗಡಿಯ ದಿನವಹಿ ಇದ್ದ ಹಾಗೆ. ಲೆಕ್ಕ ತಪ್ಪಿದಾಗ ಪುಸ್ತಕ ತೆರೆಯದೆ ಕೆಲಸದವನ ಮೇಲೆ ಅನುಮಾನ ಪಡುವುದು ಎಷ್ಟು ಸರಿಯೋ, ಲಾಗ್ ನೋಡದೆ ಕೋಡ್ ಬದಲಿಸುವುದೂ ಅಷ್ಟೇ ಸರಿ.

ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ಎಂತ ವ್ಯತ್ಯಾಸ?

ಮೊದಲನೆಯದು ಗುಟ್ಟಿನ ವಿವರಗಳು. ಡೇಟಾಬೇಸ್ ಪಾಸ್‌ವರ್ಡ್, ಪಾವತಿ ಕೀಲಿ ಇವನ್ನೆಲ್ಲ ಕೋಡ್‌ನ ಹೊರಗೆ ಬೇರೆ ಫೈಲ್‌ನಲ್ಲಿ ಇಡುವುದು ಸರಿಯಾದ ಕ್ರಮ. ಆದರೆ ಕೋಡ್ ಸರ್ವರ್‌ಗೆ ಹೋದಾಗ ಆ ಫೈಲ್ ಹೋಗಿರುವುದಿಲ್ಲ. ಎರಡನೆಯದು ಅಕ್ಷರ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಅಂಗಡಿಯ ಲೋಗೋ ಲ್ಯಾಪ್‌ಟಾಪಿನಲ್ಲಿ ಕಂಡು ಸರ್ವರ್‌ನಲ್ಲಿ ಮಾಯವಾಗುವುದು ಹೀಗೆ. ಮೂರನೆಯದು, ಹುಡುಗ ಅಪ್ಲಿಕೇಶನ್ ಅನ್ನು ಕೈಯಿಂದ ಓಡಿಸಿ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋದರೆ ಅಪ್ಲಿಕೇಶನ್ನೂ ಮಲಗುತ್ತದೆ. ಅದನ್ನು ಸಿಸ್ಟಮ್‌ಡಿಯಂತಹ ವ್ಯವಸ್ಥೆಗೆ ಒಪ್ಪಿಸಬೇಕು. ಅಲ್ಲಿಯೂ ‘ಸ್ಟಾರ್ಟ್’ ಎಂದರೆ ಈಗ ಓಡಿಸು, ‘ಎನೇಬಲ್’ ಎಂದರೆ ಸರ್ವರ್ ಆಫ್ ಆಗಿ ಆನ್ ಆದಾಗಲೆಲ್ಲ ಓಡಿಸು. ಎರಡನೆಯದನ್ನು ಮರೆತರೆ ತಿಂಗಳುಗಟ್ಟಲೆ ಸರಿ ಇದ್ದದ್ದು ಒಂದು ರೀಬೂಟ್ ಆದ ದಿನ ಕೈಕೊಡುತ್ತದೆ.

ವ್ಯಾಪಾರಿಗಳಿಗೆ ಹೆಚ್ಚು ಪೆಟ್ಟು ಕೊಡುವುದು ನಾಲ್ಕನೆಯದು, ಗಡಿಯಾರ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಓಡುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 3 ಗಂಟೆಗೆ ಬಂದ ಆರ್ಡರ್ ಸರ್ವರ್‌ನ ಲೆಕ್ಕದಲ್ಲಿ ಮಾರ್ಚ್ 31ರ ರಾತ್ರಿ 9.30. ಅಂದರೆ ಹಿಂದಿನ ತಿಂಗಳ ಜಿಎಸ್‌ಟಿ, ಹಿಂದಿನ ಹಣಕಾಸು ವರ್ಷ! ಸೈಟ್ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಲೆಕ್ಕ ತಾಳೆಯಾಗದೆ ಆಡಿಟರ್ ಕೇಳಿದಾಗ.

ಹಣ ಹೋಯಿತು, ಆರ್ಡರ್ ಬರಲಿಲ್ಲ

ಸೈಟ್ ಓಪನ್ ಆಗದಿದ್ದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಹಣ ಕಟ್ಟಿದ ಮೇಲೆ ಆರ್ಡರ್ ದಾಖಲಾಗದಿದ್ದರೆ ಅಂಗಡಿಯ ಹೆಸರೇ ಹೋಗುತ್ತದೆ. ಪೇಮೆಂಟ್ ಗೇಟ್‌ವೇ ಹಣ ಪಡೆದ ಮೇಲೆ ಅಂಗಡಿಯ ಸರ್ವರ್‌ಗೆ ತಾನಾಗಿ ಒಂದು ಸಂದೇಶ ಕಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಆ ವಿಳಾಸದ ಜಾಗದಲ್ಲಿ ಪರೀಕ್ಷೆಯ ದಿನಗಳ ವಿಳಾಸವೇ ಉಳಿದಿದ್ದರೆ ಸಂದೇಶ ಅಂಗಡಿಗೆ ಬರುವುದೇ ಇಲ್ಲ. ಹಾಗೆಯೇ, ಪರೀಕ್ಷೆಯ ಕೀಲಿ ಉಳಿದಿದ್ದರೆ ‘ಪಾವತಿ ಯಶಸ್ವಿ’ ಎಂದು ಕಂಡರೂ ಖಾತೆಗೆ ಒಂದು ರೂಪಾಯಿ ಬರುವುದಿಲ್ಲ. ಉತ್ತರ ಸಿಗದಿದ್ದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುವುದೂ ಉಂಟು. ಎರಡು ಸಲ ಬಂದರೂ ಆರ್ಡರ್ ಒಂದೇ ದಾಖಲಾಗಬೇಕು, ಸಂದೇಶ ಗೇಟ್‌ವೇಯಿಂದಲೇ ಬಂದದ್ದೆಂದು ಸಹಿಯನ್ನೂ ಪರಿಶೀಲಿಸಬೇಕು. ಲಿಂಕ್ ಹಂಚುವ ಮೊದಲು ಮಾಲಕರೇ ತಮ್ಮ ಫೋನಿನಿಂದ ಹತ್ತು ರೂಪಾಯಿಯ ನಿಜವಾದ ಆರ್ಡರ್ ಮಾಡಿ, ಬ್ಯಾಂಕ್ ಖಾತೆಯವರೆಗೆ ಹಿಂಬಾಲಿಸಿ ನೋಡುವುದು ಒಳ್ಳೆಯದು.

ನಿಧಾನವಾಗಿ ಕೈಕೊಡುವ ಎರಡು ಸಂಗತಿಗಳನ್ನೂ ನೆನಪಿಡಬೇಕು. ಲಾಗ್ ಫೈಲ್‌ಗಳು ಬೆಳೆದು ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ. ಹಾಗೆಯೇ ಸುರಕ್ಷತಾ ಪ್ರಮಾಣಪತ್ರ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಉಚಿತವಾಗಿ, 90 ದಿನಗಳ ವಾಯಿದೆಗೆ ಕೊಡುತ್ತಾ ಬಂದಿದೆ. ತಾನಾಗಿ ನವೀಕರಣವಾಗುವ ವ್ಯವಸ್ಥೆ ಕೆಟ್ಟರೆ ವಾಯಿದೆ ಮುಗಿದ ದಿನ ಬ್ರೌಸರ್ ‘ಈ ಸೈಟ್ ಸುರಕ್ಷಿತವಲ್ಲ’ ಎಂದು ಗಿರಾಕಿಯನ್ನು ಹೆದರಿಸಿ ಓಡಿಸುತ್ತದೆ.

45 ನಿಮಿಷದಲ್ಲಿ 44 ಕೋಟಿ ಡಾಲರ್

ಗಡಿಬಿಡಿಯ ರಿಪೇರಿ ಎಲ್ಲಿಗೆ ಮುಟ್ಟಿಸಬಹುದು ಎನ್ನುವುದಕ್ಕೆ ಅಮೆರಿಕದ ಶೇರು ವ್ಯವಹಾರ ಕಂಪೆನಿ ನೈಟ್ ಕ್ಯಾಪಿಟಲ್ ಸಾಕ್ಷಿ. 2012ರ ಆಗಸ್ಟ್ 1ರಂದು ಅದರ ಎಂಟು ಸರ್ವರ್‌ಗಳಲ್ಲಿ ಹೊಸ ಕೋಡ್ ಇರಬೇಕಿತ್ತು. ಏಳಕ್ಕೆ ಹಾಕಿದ್ದರು, ಎಂಟನೆಯದು ಬಿಟ್ಟುಹೋಗಿತ್ತು. ಎಂಟನೆಯದನ್ನು ಇನ್ನೊಬ್ಬರು ಪರಿಶೀಲಿಸುವ ಕ್ರಮವೂ ಇರಲಿಲ್ಲ. ಅದರಲ್ಲಿ ವರ್ಷಗಳಿಂದ ಬಳಸದೆ ಬಿದ್ದಿದ್ದ ಹಳೆಯ ಕೋಡ್ ಎಚ್ಚೆತ್ತು, ನಿಲ್ಲಿಸದೆ ಶೇರು ಆರ್ಡರ್‌ಗಳನ್ನು ಕಳಿಸತೊಡಗಿತು. ಮಾರುಕಟ್ಟೆ ತೆರೆಯುವ ಮೊದಲೇ ಕಂಪೆನಿಯ ವ್ಯವಸ್ಥೆ ದೋಷದ ಸುಳಿವಿರುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಯಾರೂ ಅದನ್ನು ಎಚ್ಚರಿಕೆ ಎಂದು ತಿಳಿಯಲಿಲ್ಲ.

ಮುಂದಿನದ್ದೇ ಪಾಠ. ಕಾರಣ ಗೊತ್ತಾಗದೆ ಗಾಬರಿಯಲ್ಲಿ ಅವರು ಸರಿ ಇದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದುಹಾಕಿದರು. ಒಂದು ಸರ್ವರ್ ಮಾಡುತ್ತಿದ್ದ ತಪ್ಪನ್ನು ಉಳಿದವೂ ಮಾಡತೊಡಗಿದವು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಮಿಕ್ಕಿ ನಷ್ಟ. ಮರುವರ್ಷ ಆ ಕಂಪೆನಿ ಇನ್ನೊಂದರ ಜೊತೆ ವಿಲೀನವಾಯಿತು.

ಬ್ಯಾಕಪ್ ವಿಷಯದಲ್ಲಿ ಗಿಟ್‌ಲ್ಯಾಬ್ ಕಂಪೆನಿಯ ಕತೆ ಇನ್ನೊಂದು. 2017ರ ಜನವರಿ 31ರಂದು ತೊಂದರೆ ಸರಿಪಡಿಸುತ್ತಿದ್ದ ಇಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದು ಭಾವಿಸಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ, ದಿನಾ ಆಗುತ್ತಿದೆ ಎಂದುಕೊಂಡಿದ್ದದ್ದು ಆಗುತ್ತಲೇ ಇರಲಿಲ್ಲ. ಆರು ಗಂಟೆ ಹಿಂದೆ ಅದೃಷ್ಟಕ್ಕೆ ತೆಗೆದಿಟ್ಟಿದ್ದ ಪ್ರತಿಯೊಂದರಿಂದ ಉಳಿದರು. ಕಂಪೆನಿ ಇದನ್ನೆಲ್ಲ ಮುಚ್ಚಿಡದೆ ಸಾರ್ವಜನಿಕವಾಗಿ ಹೇಳಿಕೊಂಡಿತು. ಮರಳಿ ತೆರೆದು ನೋಡದ ಬ್ಯಾಕಪ್, ಬ್ಯಾಕಪ್ ಅಲ್ಲ.

ಕೀಲಿ ಯಾರ ಕೈಯಲ್ಲಿ?

ಹಾಗಾದರೆ ಕ್ರಮ ಇಷ್ಟು: ಏನನ್ನಾದರೂ ಮುಟ್ಟುವ ಮೊದಲು ಬ್ಯಾಕಪ್. ಕೊನೆಯದಾಗಿ ಬದಲಿಸಿದ್ದು ಏನು ಎಂಬ ಪ್ರಶ್ನೆ. ಹೊರಗಿನಿಂದ ಒಳಗೆ ಒಂದೊಂದೇ ಬಾಗಿಲು. ಒಂದು ಸಲಕ್ಕೆ ಒಂದೇ ಬದಲಾವಣೆ, ಫಲ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದಿನದು. ಮಾಡಿದ್ದನ್ನೆಲ್ಲ ತಾರೀಕು ಹಾಕಿ ಬರೆದಿಡುವುದು.

ಕೊನೆಯದಾಗಿ ಒಂದು ಮಾತು. ಈ ಕರಾವಳಿಯಲ್ಲಿ ಕಂಪ್ಯೂಟರ್ ಕಲಿತ ಹುಡುಗರು ಇಂದಲ್ಲ ನಾಳೆ ಗಲ್ಫ್‌ಗೋ ಬೆಂಗಳೂರಿಗೋ ಹೋಗುವವರೇ. ಡೊಮೈನ್ ಅವನ ಇಮೇಲ್‌ನಲ್ಲಿ, ಸರ್ವರ್ ಬಾಡಿಗೆ ಅವನ ಕಾರ್ಡ್‌ನಲ್ಲಿ ಇದ್ದರೆ, ವಾಯಿದೆ ಮುಗಿಯುವ ನೋಟಿಸ್ ಹೋಗುವುದೂ ಅವನಿಗೇ. ಅವನು ಹಳೆಯ ಇಮೇಲ್ ನೋಡುವುದನ್ನು ಬಿಟ್ಟಿರುತ್ತಾನೆ. ಇದರಲ್ಲಿ ಅವನದ್ದೇನೂ ಮೋಸವಿಲ್ಲ, ಮೊದಲೇ ಮಾತಾಡಿಕೊಳ್ಳದ ತಪ್ಪು ಇಬ್ಬರದ್ದೂ. ಡೊಮೈನ್, ಸರ್ವರ್, ಪೇಮೆಂಟ್ ಗೇಟ್‌ವೇ ಮೂರೂ ಮಾಲಕರ ಹೆಸರಿನಲ್ಲೇ ಇರಲಿ. ಹುಡುಗನಿಗೆ ಕೆಲಸ ಮಾಡುವಷ್ಟು ಪ್ರವೇಶ ಕೊಟ್ಟರೆ ಸಾಕು. ಅಂಗಡಿ ಕಟ್ಟಿದ ಮೇಸ್ತ್ರಿಗೆ ಕೂಲಿ ಕೊಡುವುದು ಎಷ್ಟು ಮುಖ್ಯವೋ, ಕೆಲಸ ಮುಗಿದ ಮೇಲೆ ಕೀಲಿ ತೆಗೆದುಕೊಳ್ಳುವುದೂ ಅಷ್ಟೇ ಮುಖ್ಯ.