ಪೆನ್ನು ಹಿಡಿದರೆ ಮಾತ್ರ ಮುನಿಯುವ ಕೈ

ಎರಡನೇ ಇಯತ್ತೆಯ ಮೊಮ್ಮಗ ಮೊನ್ನೆ ಕಾಪಿ ಬರೆಯುತ್ತ ಕುಳಿತಿದ್ದ. ನನ್ನ ಕೈಗೂ ಪೆನ್ಸಿಲ್ ಕೊಟ್ಟು, "ಅಜ್ಜಾ, ನೀನೂ ಒಂದ್ ಸಾಲ ಬರಿ" ಅಂದ. ಬರೆದೆ. ನೋಡಿದವನೇ "ನಂದೇ ಛಲೋ ಐತಿ" ಎಂದು ನಕ್ಕ. ನಾನೂ ನಕ್ಕೆ. ಹದಿನೈದು ವರ್ಷದ ಹಿಂದಾಗಿದ್ದರೆ ಹಾಳೆ ಹರಿದು ಎದ್ದು ಹೋಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ನಾನು ಬ್ಯಾಂಕ್ ಸೇರಿದಾಗ ಲೆಡ್ಜರ್, ಡೇ ಬುಕ್, ಪಾಸ್‌ಬುಕ್ ಎಲ್ಲವೂ ಕೈಬರಹವೇ. ಅಕ್ಷರ ಚಂದ ಎಂದು ಡಿಮ್ಯಾಂಡ್ ಡ್ರಾಫ್ಟ್ ಬರೆಯುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ವಯಸ್ಸು ನಲವತ್ತರ ಹತ್ತಿರ ಬಂದಾಗ ಬೆರಳುಗಳು ಪೆನ್ನನ್ನು ಹಿಚುಕಿ ಹಿಡಿಯತೊಡಗಿದವು. ಮಣಿಕಟ್ಟು ಒಳಕ್ಕೆ ತಿರುಚಿಕೊಳ್ಳುತ್ತಿತ್ತು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಮುಂಗೈ ಸೆಟೆದು ಹೋಗುತ್ತಿತ್ತು. ವಿಚಿತ್ರವೆಂದರೆ ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದೆ, ನೋಟು ಎಣಿಸುತ್ತಿದ್ದೆ, ಸ್ಕೂಟರ್ ಹೊಡೆಯುತ್ತಿದ್ದೆ. ಸಹೋದ್ಯೋಗಿಯೊಬ್ಬರು ಎಲ್ಲರೆದುರು ಅಂದೇಬಿಟ್ಟರು: "ಕೇರಂ ಆಡೂಮುಂದ ಕೈ ಛಲೋ ಇರತೈತಿ, ಲೆಡ್ಜರ್ ಕಂಡ ಕೂಡಲೇ ಸೆಟೀತೈತಿ!" ನಕ್ಕವರ ಜೊತೆ ನಾನೂ ನಕ್ಕೆ. ಅಂದಿನಿಂದ ಕೈಯನ್ನು ಅಡಗಿಸಿಡಲು ಕಲಿತೆ.

ಬ್ಯಾಂಕಿಗೆ ಕಂಪ್ಯೂಟರ್ ಬಂದು ನನ್ನನ್ನು ಉಳಿಸಿತು; ಟೈಪ್ ಮಾಡಲು ತೊಂದರೆ ಇರಲಿಲ್ಲ. ಆದರೆ ಮದುವೆಗಳಲ್ಲಿ ಆಯೇರಿ ಬರೆಯಲು ಬ್ಯಾಂಕಿನವನನ್ನೇ ಕೂಡಿಸುತ್ತಾರೆ. ಅದಕ್ಕೆ ಹೆದರಿ ಮದುವೆಗೆ ಹೋಗುವುದನ್ನೇ ಬಿಟ್ಟೆ. ನಿವೃತ್ತಿಯಾದ ಮೇಲೆ ಒಂದು ದಿನ ಸಹಿ ಹೊಂದುತ್ತಿಲ್ಲವೆಂದು ನನ್ನದೇ ಚೆಕ್ ವಾಪಸ್ ಬಂತು. ಕೌಂಟರಿನ ಹುಡುಗ ಮಸಿಯ ಪ್ಯಾಡ್ ಮುಂದಿಟ್ಟು, "ಕಾಕಾ, ಹೆಬ್ಬೆಟ್ಟ ಒತ್ತಿಬಿಡ್ರಿ" ಅಂದ. ಅವನ ತಪ್ಪಿಲ್ಲ. ಎಷ್ಟೋ ರೈತರ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದ್ದೆ. ಆದರೆ ಆ ರಾತ್ರಿ ಬದುಕೇ ಬೇಡವೆನಿಸಿತು. ವಾರಗಟ್ಟಲೆ ನಿದ್ದೆ, ಊಟ ಸೇರಲಿಲ್ಲ. ಕೊನೆಗೆ ಮನೆಯಾಕೆ, "ಕೈ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ ನಡೀರಿ" ಎಂದು ನರರೋಗ ತಜ್ಞರ ಬಳಿ ಕರೆದೊಯ್ದಳು.

ಪೆನ್ನು ಕೊಟ್ಟು ಬರೆಸಿ ನೋಡಿದ ಅವರು, ಇದು ಡಿಸ್ಟೋನಿಯಾ ಎಂದರು. ಸ್ನಾಯುಗಳಿಗೆ ಮೆದುಳಿನಿಂದ ತಪ್ಪು ಆಜ್ಞೆ ಹೋಗಿ, ಅವು ತಾವಾಗಿಯೇ ಬಿಗಿದು ತಿರುಚಿಕೊಳ್ಳುವ ಕಾಯಿಲೆ. 1911ರಲ್ಲಿ ಜರ್ಮನಿಯ ವೈದ್ಯ ಹರ್ಮನ್ ಓಪನ್‌ಹೈಮ್ ಇಟ್ಟ ಹೆಸರಿದು. ಕೆಲವರಿಗೆ ಕುತ್ತಿಗೆ ಒಂದೇ ಕಡೆ ತಿರುಗುತ್ತದೆ, ಕೆಲವರಿಗೆ ಕಣ್ಣರೆಪ್ಪೆ ಬಿಗಿದು ಮುಚ್ಚುತ್ತದೆ, ಕೆಲವರಿಗೆ ದನಿ ಕಟ್ಟುತ್ತದೆ. ಬರೆಯುವಾಗ ಮಾತ್ರ ಕಾಡುವುದು ರೈಟರ್ಸ್ ಕ್ರಾಂಪ್. 19ನೇ ಶತಮಾನದ ಬ್ರಿಟನ್ನಿನ ಗುಮಾಸ್ತರಲ್ಲೂ ಇದಿತ್ತು. ಆಗ ಉಕ್ಕಿನ ನಿಬ್ಬನ್ನು ದೂರಿದರು. ಮುಂದೆ ಬಹುಕಾಲ ಇದನ್ನು ಮನಸ್ಸಿನ ದೌರ್ಬಲ್ಯವೆಂದೇ ತಿಳಿದಿದ್ದರು. ಇದು ಡಿಸ್ಟೋನಿಯಾದ ಒಂದು ಬಗೆಯೆಂದು ಲಂಡನ್ನಿನ ಶೀಹಿ ಮತ್ತು ಮಾರ್ಸ್‌ಡೆನ್ ತೋರಿಸಿಕೊಟ್ಟದ್ದು 1982ರಲ್ಲಿ. ಅಂದರೆ ನಾನು ನಟಿಸುತ್ತಿರಲಿಲ್ಲ! ಅಷ್ಟು ಕೇಳಿಯೇ ಅರ್ಧ ಭಾರ ಇಳಿಯಿತು.

ಮುಂಗೈಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೊಟ್ಟರು. ಅದು ಬಿಗಿದ ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲಿಸುತ್ತದೆ, ಆಮೇಲೆ ಮತ್ತೆ ಬೇಕು. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ದಪ್ಪ ಹಿಡಿಕೆಯ ಪೆನ್ನು, ವ್ಯಾಯಾಮ ಕೆಲವರಿಗೆ ನೆರವಾಗುತ್ತವೆ. ಆಯ್ದ ಕೆಲವರಿಗೆ ಮೆದುಳಿನ ಶಸ್ತ್ರಚಿಕಿತ್ಸೆಯೂ ಉಂಟು. 2017ರಲ್ಲಿ ಬೆಂಗಳೂರಿನಲ್ಲಿ ಯುವಕನೊಬ್ಬ ಎಚ್ಚರವಿದ್ದು ಗಿಟಾರ್ ನುಡಿಸುತ್ತಲೇ ಅದನ್ನು ಮಾಡಿಸಿಕೊಂಡದ್ದು ಸುದ್ದಿಯಾಗಿತ್ತು.

ವೈದ್ಯರು ಇನ್ನೊಂದು ಮಾತು ಹೇಳಿದರು. ಈ ಕಾಯಿಲೆಯವರಲ್ಲಿ ಖಿನ್ನತೆ, ಆತಂಕ ಸಾಮಾನ್ಯ. ಕೈ ಎಷ್ಟು ತಿರುಚಿದೆ ಎನ್ನುವುದರಷ್ಟೇ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಮನಸ್ಸು ಎಷ್ಟು ಕುಗ್ಗಿದೆ ಎನ್ನುವುದೇ ಬದುಕನ್ನು ಕೆಡಿಸುತ್ತದೆ. ಆದ್ದರಿಂದ ಮನೋವೈದ್ಯರನ್ನೂ ಕಾಣಿರಿ ಎಂದರು. ನಾನು ಹಿಂಜರಿದೆ. ನಮ್ಮ ಕಡೆ "ಧಾರವಾಡಕ್ಕ ಕಳಸಬೇಕು" ಎಂದರೆ ಅರ್ಥ ಒಂದೇ. 1845ರಲ್ಲಿ ಶುರುವಾಗಿ ಈಗ ಡಿಮ್ಹಾನ್ಸ್ ಎನಿಸಿರುವ ಆಸ್ಪತ್ರೆಯ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಕಡೆಗೂ ಹೋದೆ. ಸರದಿಯಲ್ಲಿ ಮಾಸ್ತರರು, ಕಾಲೇಜು ಹುಡುಗಿ, ಕೂಸು ಎತ್ತಿಕೊಂಡ ತಾಯಿ ಕುಳಿತಿದ್ದರು. ನಮ್ಮ ಬ್ಯಾಂಕಿನ ಸಾಲಿನಂತೆಯೇ. ಕೆಲವು ತಿಂಗಳ ಮಾತ್ರೆ, ಆಪ್ತಸಮಾಲೋಚನೆಯಿಂದ ನಿದ್ದೆ ಮರಳಿತು. ಕೈ ಪೂರ್ತಿ ಸರಿಯಾಗಲಿಲ್ಲ, ನಾನು ಸರಿಯಾದೆ.

ನಿಮ್ಮ ಮನೆಯಲ್ಲಿ, ತರಗತಿಯಲ್ಲಿ ಯಾರದಾದರೂ ಕೈ, ಕುತ್ತಿಗೆ, ರೆಪ್ಪೆ ಹೀಗೆ ಬಿಗಿಯುತ್ತಿದ್ದರೆ ನಗಬೇಡಿ, "ಮನಸ್ಸು ಗಟ್ಟಿ ಮಾಡ್ಕೋ" ಎಂದು ಉಪದೇಶವನ್ನೂ ಮಾಡಬೇಡಿ. ನರರೋಗ ತಜ್ಞರಿಗೆ ತೋರಿಸಿ. ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಿ, ಅದೂ ಆಗದಿದ್ದರೆ ಸಾಕ್ಷಿಗಳ ಎದುರು ಗುರುತು ಹಾಕಿ ಹಣ ತೆಗೆಯಲು ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಅವಕಾಶವಿದೆ.

ನಾನೂ ಈಗ ಬೇಕಾದಾಗ ಹೆಬ್ಬೆಟ್ಟು ಒತ್ತುತ್ತೇನೆ. ಈ ಲೇಖನವನ್ನು ಮೊಬೈಲಿನಲ್ಲಿ ಟೈಪ್ ಮಾಡಿದ್ದೇನೆ. ಮುಂದಿನ ವಾರ ತಂಗಿಯ ಮೊಮ್ಮಗಳ ಮದುವೆ. ಆಯೇರಿ ಮೊಮ್ಮಗ ಬರೆಯುತ್ತಾನಂತೆ. ಪಕ್ಕದಲ್ಲಿ ಕುಳಿತು ಹಣ ಎಣಿಸುವವನು ನಾನು.